ಹೆಬ್ಬೆರಳಿನ ಸುರುಳಿ

ಕಲಿಸ್ತೀನಿ ಕಣವ್ವ, ಅಳಬ್ಯಾಡ, ಈ ಕೆಲ್ಸನೆಲ್ಲ ನಿಂಗೇ ಕಲಿಸ್ತೀನಿ ಅಂದಿದ್ದ ಅಪ್ಪ, ಇದೇ ಕಾರಿನ ಮುಂದಿನ ಸೀಟಿನಲ್ಲಿ, ನನಗಾಗ ಒಂಬತ್ತು ವರ್ಷ — ಈಗ್ಯಾಕೆ ಅದು ನೆನಪಾಗಬೇಕು, ಸಿಗರೇಟು ಹಚ್ಚುವ ಲೈಟರು ಒತ್ತಿ ನಲವತ್ತು ಎಣಿಸಿದ್ದೇನೆ, ಕಾದು ಕೆಂಪಾಗಿ ತಾನೇ ಟಕ್ಕೆಂದು ಹೊರಗೆ ನೆಗೆಯಬೇಕಾದದ್ದು ಡ್ಯಾಶ್‌ಬೋರ್ಡಿನೊಳಗೆ ಹಟ ಹಿಡಿದು ಕೂತಿದೆ, ಎಳೆದು ನೋಡಿದರೆ ತುದಿಯ ತಂತಿಸುರುಳಿ ತಣ್ಣಗೆ, ಕಪ್ಪಗೆ. ಅವತ್ತು ಹಾಗಿರಲಿಲ್ಲ. ದೇವಲಾಪುರದ ಗೌಡರು ಈ ಹಿಲ್ಮನ್ ಕಾರು ಕೊಂಡ ಹೊಸತು, ಪಾಂಡವಪುರದಲ್ಲಿ ನಮ್ಮಪ್ಪ ದೇವಯ್ಯನನ್ನು ಬಿಟ್ಟರೆ ವೈರಿಂಗು ಮುಟ್ಟುವವರಿಲ್ಲ ಎಂದು ನಮ್ಮ ಅಂಗಡಿಗೇ ತಂದಿದ್ದರು, ಅಪ್ಪ ಒತ್ತಿದ, ಅದು ನೆಗೆಯಿತು, ಗೌಡರು ಸಿಗರೇಟು ಹಚ್ಚಿಕೊಂಡು ನೋಡು ಕೂಸೇ ಅಂತ ನನ್ನ ಮುಂದೆ ಹಿಡಿದರು, ನಾನು ಜಿಲೇಬಿ ಅಂದುಕೊಂಡೆ, ಕೆಂಪನೆಯ ಪುಟ್ಟ ಜಿಲೇಬಿ, ಹೆಬ್ಬೆರಳು ಒತ್ತಿಯೇಬಿಟ್ಟೆ, ಆ ಅಳುವಿಗೇ ಅಪ್ಪ ಕಲಿಸ್ತೀನಿ ಅಂದದ್ದು. ಕಲೆ ಇನ್ನೂ ಇದೆ, ಸುತ್ತು ಸುತ್ತು. ಅಮ್ಮ ಇದು ಸೊಳ್ಳೆಬತ್ತಿ ಅಲ್ವಾ ಅನ್ನುತ್ತಿದ್ದಳು ಮಗಳು ಚಿನ್ನು, ಆ ಬೆರಳು ಹಿಡಿದುಕೊಂಡೇ ನಿದ್ದೆಗೆ ಜಾರುವವಳು, ಈಗ ಹತ್ತನೇ ಕ್ಲಾಸಿಗೆ ಬಂದಿದ್ದಾಳೆ, ಅವಳ ಅಪ್ಪ ಕೆ.ಆರ್. ಪೇಟೆಯಲ್ಲಿ ಇನ್ನೊಂದು ಸಂಸಾರ ಹೂಡಿದಾಗ ಅವಳಿಗೆ ಹಲ್ಲೂ ಪೂರ್ತಿ ಬಂದಿರಲಿಲ್ಲ. ಸಾಕಿದ್ದು ಈ ಅಂಗಡಿ. ಸುಟ್ಟ ಡೈನಮೋ, ಹಾರಿದ ಫ್ಯೂಸು, ಕೂಗದ ಹಾರನ್ನು, ಇವೇ ಸಾಕಿದ್ದು.

ಅಕ್ಕೋ, ಸಾಕು ಎದ್ದೇಳು, ಬೀದೀಲಿ ಹೋಗೋರೆಲ್ಲ ನೋಡ್ತಾವ್ರೆ — ತಮ್ಮ ಶಿವಶಂಕರ, ಸ್ಕೂಟರಿನ ಮೇಲೆ ಅಡ್ಡಡ್ಡ ಕೂತು ಅಂಗಡಿಯ ಬೀಗದ ಕೈಯನ್ನು ಬೆರಳಲ್ಲಿ ಗರಗರ ತಿರುಗಿಸುತ್ತಿದ್ದಾನೆ. ನೋಡಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿದ ಹೆಂಗಸನ್ನು ಎಂಟು ವರ್ಷದಿಂದ ನೋಡುತ್ತಿದ್ದಾರೆ, ಇನ್ನೂ ಕಣ್ಣು ತುಂಬಿಲ್ಲ ಅಂದರೆ ತುಂಬಿಕೊಳ್ಳಲಿ. ಇವನಿಗೆ ಅಂಗಡಿ ಬೇಕು, ಎಸ್‌ಟಿಡಿ ಬೂತು ಮಾಡಬೇಕು, ಗಾಜಿನ ಗೂಡು, ಕೆಂಪು ಅಕ್ಷರದ ಬೋರ್ಡು. ಬೆಳಿಗ್ಗೆ ಮೊಳೆಯಿಂದ ಬೀಗದ ಕೈ ತಗೊಂಡವನು ಎಲ್ಲರ ಮುಂದೆಯೇ ಅಂದ, ಅಪ್ಪನ ಕೈಲೇ ಆಗದೆ ಇದ್ದದ್ದು ಈ ಲೈಟರು, ಇವತ್ತು ಬೈಗಾಗೋದ್ರೊಳಗೆ ಹತ್ತಿಸ್ಬುಡು, ಅಂಗಡಿ ನಿಂದೇ, ನಾನು ತುಟಿ ಎರಡು ಮಾಡಕಿಲ್ಲ, ಆಗ್ನಿಲ್ಲ ಅಂದ್ರೆ ಮನೇಲಿ ಕೂತ್ಕೊಂಡು ಮಗಳಿಗೆ ಜಡೆ ಹಾಕು. ಅಪ್ಪ ಬೆಂಚಿನ ಮೇಲೆ ಇದ್ದ, ಲಕ್ವ ಹೊಡೆದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಈಗಲೂ ಅಲ್ಲೇ ಇದ್ದಾನೆ. ಬುಡವ್ವ, ಅದರ ಕಾಯಿಲ್ಲು ಎಂದೋ ಸುಟ್ಟೋಗದೆ, ನಾನು ನೋಡಿಲ್ವಾ, ಹೊಸದು ಹಾಕ್ಬುಡು ಅನ್ನುತ್ತಾನೆ. ಹೊಸದು ಬ್ಯಾಡ ದೇವಯ್ಯ, ನಮ್ಮೆಜಮಾನ್ರು ಕೈಯಾಡ್ಸಿದ್ದೇ ಬೇಕು — ಹಿಂದಿನ ಸೀಟಿನಿಂದ ಪುಟ್ಟಗೌರಮ್ಮ, ಗೌಡರ ಹೆಂಡತಿ, ಬೆಳಗಿನಿಂದ ಕಾರಿನಿಂದ ಇಳಿದೇ ಇಲ್ಲ, ಎಲೆಅಡಿಕೆ ಚೀಲ ತೊಡೆಯ ಮೇಲೆ. ಗೌಡ್ರು ಹೋಗಿ ಐದು ವರ್ಷ ಆಯ್ತು, ಇನ್ಯಾರಿಗವ್ವ ಲೈಟರು, ನೀವು ಬೀಡಿ ಸೇದೀರಾ ಅಂತ ಶಿವಶಂಕರ ನಗುತ್ತಾನೆ. ಸೇದ್ತೀನಿ ಕಣ್ಲಾ, ನಿಂಗೇನು? ನಕ್ಕೆ ನಾನೂ, ಕಾರಿನ ಹೊಟ್ಟೆಯೊಳಗೆ, ಬಾಯಿಗೆ ತುಕ್ಕಿನ ಪುಡಿ ಬಿತ್ತು.

ಸುಟ್ಟಿದೆಯೋ ಇಲ್ಲವೋ ಅಂತ ಬಾಯಲ್ಲಿ ಹೇಳಬಾರದು, ಕರೆಂಟನ್ನು ಕೇಳಬೇಕು. ಫ್ಯೂಸು ಸರಿಯಿದೆ. ಎರಡು ವೈರು ಕಟ್ಟಿದ ಬಲ್ಬನ್ನು ಡ್ಯಾಶ್‌ಬೋರ್ಡಿನ ಹಿಂದೆ ಮುಟ್ಟಿಸಿದೆ, ಹತ್ತಿತು, ಅಂದರೆ ಕರೆಂಟು ಲೈಟರಿನ ಗೂಡಿನ ಬೆನ್ನಿನ ತನಕ ಬಂದು ನಿಂತಿದೆ. ಹಾಗಾದರೆ ಕೆಟ್ಟಿರುವುದು ಕಾಯಿಲ್ಲೇ, ಆ ತಂತಿಸುರುಳಿಯೇ ಇರಬೇಕು, ಅಪ್ಪ ಹೇಳಿದ್ದೇ ನಿಜ ಇರಬೇಕು, ತಮ್ಮನ ಬೂತಿನ ಗಾಜು ಕಣ್ಣೆದುರು ಬಂತು, ಆದರೂ ಲೈಟರನ್ನು ಇಕ್ಕಳದಲ್ಲಿ ಕಚ್ಚಿಸಿ ಬ್ಯಾಟರಿಗೆ ನೇರ ದಪ್ಪ ವೈರು ಕೊಟ್ಟೆ — ಕೆಂಪಾಯಿತು! ನಡುವಿನಿಂದ ಶುರುವಾಗಿ ಸುತ್ತು ಸುತ್ತು ಕೆಂಪಾಯಿತು, ಜಿಲೇಬಿ, ಅದೇ ಜಿಲೇಬಿ. ಯಾರಿಗೂ ಹೇಳಲಿಲ್ಲ, ಬಾನೆಟ್ಟಿನ ಮರೆಯಲ್ಲಿ ಒಬ್ಬಳೇ ನೋಡಿದೆ. ಕಾಯಿಲ್ಲು ಸುಟ್ಟಿಲ್ಲ. ಇಪ್ಪತ್ತಾರು ವರ್ಷ ಅಪ್ಪ ಸುಟ್ಟಿದೆ ಅಂದ, ಊರೆಲ್ಲ ಹೌದು ಅಂದಿತು, ಅದು ಸುಟ್ಟಿರಲಿಲ್ಲ.

ಕರೆಂಟು ಬಾಗಿಲ ತನಕ ಬಂದಿದೆ, ಕಾಯಿಲ್ಲು ಜೀವಂತ, ಎರಡೂ ಮುಟ್ಟುತ್ತಿಲ್ಲ ಅಷ್ಟೇ. ಬ್ಯಾಟರಿ ಬಿಚ್ಚಿ, ಗೂಡಿನೊಳಗೆ ಸಣ್ಣ ಸ್ಕ್ರೂಡ್ರೈವರ್ ಇಳಿಸಿ ಕೆರೆದೆ, ಬೂದಿ ಬಂತು, ಮತ್ತೂ ಕೆರೆದೆ, ಸುಟ್ಟ ಬಿದಿರುಕಡ್ಡಿಯ ತುಂಡುಗಳು, ಎಣ್ಣೆಯಲ್ಲಿ ಗಟ್ಟಿಕಟ್ಟಿದ ಕುಂಕುಮ, ಅಂಗೈ ತುಂಬ, ಮೂಗಿಗೆ ಹಿಡಿದರೆ ಗಂಧ. ಊದುಬತ್ತಿ. ಪ್ರತಿ ವರ್ಷ ಆಯುಧಪೂಜೆಗೆ ಗೌಡರ ಕಾರು ನಮ್ಮ ಅಂಗಡಿ ಮುಂದೆಯೇ ನಿಲ್ಲುತ್ತಿತ್ತು, ಅಪ್ಪ ಸ್ಟೀರಿಂಗಿಗೆ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು, ಲೈಟರು ಎಳೆದುಹಾಕಿ ಆ ತೂತಿಗೆ ಎರಡು ಊದುಬತ್ತಿ ಸಿಕ್ಕಿಸುತ್ತಿದ್ದ, ಎಷ್ಟು ಒಪ್ಪವಾಗಿ ನಿಂತವೆ ನೋಡಿ ಗೌಡ್ರೆ, ಇದಕ್ಕೇ ಮಾಡ್ದಂಗದೆ. ಮೊದಲನೇ ಸಲ ಸಿಕ್ಕಿಸಿದ್ದು ನನ್ನ ಬೆರಳು ಸುಟ್ಟ ವರ್ಷ. ಮಾರನೇ ವಾರ ಲೈಟರು ಹತ್ತಲಿಲ್ಲ ಅಂತ ಗೌಡರು ಬಂದಾಗ, ಬಿಚ್ಚಿಯೂ ನೋಡದೆ ಕಾಯಿಲ್ಲು ಹೋಗದೆ ಅಂದ, ಯಾಕೆಂದರೆ ದೇವಯ್ಯ ಅಂದಮೇಲೆ ಆಯಿತು. ದೇವರಿಗೆ ಇಟ್ಟದ್ದರಿಂದಲೇ ಕೆಟ್ಟಿತು ಅಂತ ಅವನಿಗೆ ಹೊಳೆಯುವುದಾದರೂ ಹೇಗೆ.

ಗೂಡಿನ ತಳವನ್ನು ಮರಳುಕಾಗದದಿಂದ ಉಜ್ಜಿದೆ, ಹಿತ್ತಾಳೆ ಹೊಳೆಯುವ ತನಕ, ಲೈಟರನ್ನು ಹಿಡಿಯುವ ರೆಕ್ಕೆಗಳನ್ನು ಇಕ್ಕಳದಲ್ಲಿ ಮೆಲ್ಲಗೆ ಒಳಬಾಗಿಸಿದೆ, ಇದನ್ನು ಯಾರು ಹೇಳಿಕೊಟ್ಟರು ನನಗೆ — ಬುತ್ತಿ ತಂದಾಗ ಅಪ್ಪ ನನ್ನನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದ, ಒಳಗೆ ಬರಬ್ಯಾಡ, ಎಣ್ಣೆಗಿಣ್ಣೆ ಮೆತ್ಕಂಡದು, ಒಳಗೆ ಶಿವಶಂಕರ, ನನಗಿಂತ ನಾಲ್ಕು ವರ್ಷ ಚಿಕ್ಕವನು, ಅವನ ಕೈಗೆ ಬಲ್ಬು, ಇಲ್ಲಿ ಮುಟ್ಸ್ಲಾ, ಇಲ್ಲಿ ಕಣ್ಲಾ ಲೇ, ಅವನು ಆಕಳಿಸುತ್ತಿದ್ದ, ನಾನು ಹೊಸ್ತಿಲಿನಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ಕತ್ತಿನಲ್ಲಿ ಕಲಿತವಳು ನಾನು. ಅಪ್ಪನ ಕೈ ಬಿದ್ದುಹೋದ ಮೇಲೂ ಒಂದು ದಿನ ಇಂಗಲ್ಲ ಅಂಗೆ ಮಾಡು ಅಂತ ಅಂದವನಲ್ಲ, ಬುಡವ್ವ ಅಂದ, ಬುಡವ್ವ ಅಂತಲೇ ಎಂಟು ವರ್ಷ, ನಾನು ಬಿಡಲಿಲ್ಲ, ಬಿಡುವುದೂ ಇಲ್ಲ.

ಬ್ಯಾಟರಿ ಕಟ್ಟಿದೆ. ಸೀಟಿನಲ್ಲಿ ನೆಟ್ಟಗೆ ಕೂತೆ. ಬನ್ನಿ ಅಂದೆ, ಶಿವಶಂಕರ ಬಂದ, ಅಪ್ಪ ಬೆಂಚಿನಿಂದ ಎದ್ದು ಬಾಗಿಲು ಹಿಡಿದುಕೊಂಡ, ಪುಟ್ಟಗೌರಮ್ಮ ಹಿಂದಿನಿಂದ ನನ್ನ ಭುಜದ ಮೇಲೆ ಗಲ್ಲ ಊರಿದರು, ಎಲೆಅಡಿಕೆಯ ಉಸಿರು, ಒತ್ತಿದೆ, ಒಂದು, ಎರಡು, ಶ್ರೀರಂಗಪಟ್ಟಣದ ಬಸ್ಸು ಹಾರನ್ನು ಹೊಡೆದುಕೊಂಡು ಹೋಯಿತು, ಒಂಬತ್ತು, ಹತ್ತು, ತಮ್ಮನ ಬೆರಳಲ್ಲಿ ಬೀಗದ ಕೈ ತಿರುಗುವುದು ನಿಂತಿದೆ, ಹದಿನಾಲ್ಕು, ಹದಿನೈದು — ಟಕ್. ನೆಗೆಯಿತು. ಎಳೆದು ಹಿಡಿದೆ. ಅಯ್ಯೋ ನಮ್ಮಪ್ಪ ಅಂದರು ಪುಟ್ಟಗೌರಮ್ಮ, ಬಾನೆಟ್ಟಿನ ಮೇಲೆ ಬೀಗದ ಕೈ ಬಿದ್ದ ಸದ್ದು, ಶಿವಶಂಕರ ಸ್ಕೂಟರು ಒದ್ದು ಹೊರಟ. ಅಪ್ಪ ಸೀಟಿನ ಮೇಲೆ ನಾನು ಸುರಿದಿಟ್ಟಿದ್ದ ಬೂದಿ ನೋಡಿದ, ಬಿದಿರುಕಡ್ಡಿ ನೋಡಿದ, ಮೂಸಿದ. ಯಾರ್ ಕಲಿಸಿದ್ರವ್ವ ನಿಂಗೆ, ಅಂದ. ಲೈಟರನ್ನು ಅವನ ಮುಂದೆ ಹಿಡಿದೆ. ಕೆಂಪು ಸುರುಳಿ, ಅದರಡಿ ನನ್ನ ಹೆಬ್ಬೆರಳು, ಬೆರಳಿನ ಮೇಲೆ ಅದೇ ಸುರುಳಿ. ಕಲಿಸ್ತೀನಿ ಅಂದಿದ್ದ ಅಪ್ಪ. ಕಲಿಸಲಿಲ್ಲ.