ಮರ್ಯಾದಸ್ಥರು ನೋಡಬಾರದು

ಸೋಲಾಪುರದ ನವಿ ಪೇಠೆಯಲ್ಲಿ ಸಾತಲಿಂಗಪ್ಪನವರ ಬಟ್ಟೆ ಅಂಗಡಿ ತೆರೆಯುವಾಗ ದಿನಾಲೂ ಒಂದು ಕೆಲಸ ನಡೆಯುತ್ತದೆ. ಒಳಗಿನ ಗೊಂಬೆಗಳನ್ನು ಎತ್ತಿ ತಂದು ಮೆಟ್ಟಿಲ ಮೇಲೆ ನಿಲ್ಲಿಸಿ, ನಿನ್ನೆಯ ಸೀರೆ ಕುಪ್ಪಸ ಬಿಚ್ಚಿ, ಇವತ್ತಿನದನ್ನು ಉಡಿಸುತ್ತಾರೆ. ಅಷ್ಟು ಹೊತ್ತು ಆ ಗೊಂಬೆಗಳು ಮೈಮೇಲೆ ನೂಲಿನ ಎಳೆಯೂ ಇಲ್ಲದೆ ರಸ್ತೆಗೆ ಮುಖ ಮಾಡಿ ನಿಂತಿರುತ್ತವೆ. ಚಹಾದವನು ಪಕ್ಕದಿಂದ ಹಾದು ಹೋಗುತ್ತಾನೆ. ಸಾತಲಿಂಗಪ್ಪನವರು ಅವುಗಳ ನಡುವೆಯೇ ನಿಂತು, ಹಣೆಗೆ ವಿಭೂತಿ ಹಚ್ಚಿಕೊಂಡು, ಹೊಸ್ತಿಲಿಗೆ ಊದಿನಕಡ್ಡಿ ಬೆಳಗುತ್ತಾರೆ. ಇಷ್ಟು ವರ್ಷಗಳಲ್ಲಿ ಅದರಿಂದ ಯಾರ ಮರ್ಯಾದೆಯೂ ಹೋಗಿರಲಿಲ್ಲ.

ಮರ್ಯಾದೆ ಹೋದದ್ದು ಸೊಸೆ ಉಜ್ವಲಾ ಅಂಥದೇ ಒಂದು ಗೊಂಬೆಯ ಎದೆಯ ಮೇಲೆ ಬೆರಳಿಟ್ಟು ನಾಲ್ಕು ಒಳ್ಳೆಯ ಮಾತು ಹೇಳಿದಾಗ.

ಉಜ್ವಲಾ ನರ್ಸಿಂಗ್ ಕಲಿತವಳು. ಮುಂಜಾನೆ ಹೆಣ್ಣುಮಕ್ಕಳ ದವಾಖಾನೆಯೊಂದರಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಅಂಗಡಿ. ಮೊಬೈಲಿನಲ್ಲಿ ಅಂಗಡಿಯ ಹೆಸರಿನ ಪೇಜು ಶುರುಮಾಡಿದವಳೂ ಅವಳೇ. "ಅಕ್ಕಾರ, ಈ ಇಳಕಲ್ಲ ಸೀರಿ ಸೆರಗ ನೋಡ್ರಿ" ಎಂದು ಅವಳು ಕ್ಯಾಮೆರಾದ ಮುಂದೆ ಸೀರೆ ಹರವಿದರೆ ಅಕ್ಕಲಕೋಟ ತಾಲೂಕಿನ ಹಳ್ಳಿಗಳ ಹೆಂಗಸರು ಒಲೆಯ ಮೇಲಿನ ರೊಟ್ಟಿ ಮರೆತು ನೋಡುತ್ತಿದ್ದರು. ಕರಜಗಿಯ ಸೋನಾಬಾಯಿಯಂತೂ ಒಂದನ್ನೂ ಬಿಡುತ್ತಿರಲಿಲ್ಲ. ಆಕೆ ಸಾತಲಿಂಗಪ್ಪನವರ ಅಕ್ಕ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಕ್ಷರ ಬಾರದು, ಆದರೆ ಮೊಬೈಲಿನ ಮೇಲೆ ಬೆರಳಾಡಿಸುವುದನ್ನು ಮೊಮ್ಮಕ್ಕಳಿಂದ ಕಲಿತುಕೊಂಡಿದ್ದಳು. ಮನೆಯವರೆಲ್ಲ ಆಕೆಯನ್ನು ಕರಜಗಿ ಅತ್ತಿ ಎಂದೇ ಕರೆಯುವುದು.

ದವಾಖಾನೆಯಲ್ಲಿ ಉಜ್ವಲಾಗೆ ದಿನವೂ ತಲೆ ಚಿಟ್ಟುಹಿಡಿಸುವ ಸಂಗತಿ ಒಂದಿತ್ತು. ಬಂದ ಹೆಂಗಸರು ಎಲ್ಲಿ ನೋವೆಂದು ಹೇಳುತ್ತಿರಲಿಲ್ಲ. "ಇಲ್ಲೇರಿ ಸಿಸ್ಟರ" ಎಂದು ಭುಜ ತೋರಿಸುವರು. ಭುಜ ಒತ್ತಿ ನೋಡಿದರೆ, "ಅಲ್ಲಲ್ಲರಿ, ಸ್ವಲ್ಪ ಕೆಳಗ." ಕೆಳಗೆ ಅಂದರೆ ಎಲ್ಲಿ? "ಆ ಜಾಗಾದಾಗರಿ." ಮಕ್ಕಳಿಗೆ ಹಾಲೂಡಿಸಿದ ಎದೆಗೆ ಆ ತಾಯಂದಿರ ಬಾಯಲ್ಲಿ ಹೆಸರೇ ಇರಲಿಲ್ಲ. ಹೆಸರು ಹೇಳಲು ನಾಚಿ ನಾಚಿ, ಗಂಟು ನಿಂಬೆಹಣ್ಣಿನಷ್ಟಾದ ಮೇಲೆ ಬರುವರು. ಆಗ ಡಾಕ್ಟರರು ತಲೆಯಾಡಿಸುವರು. ಹೀಗೆ ಎಷ್ಟು ಜನರನ್ನು ನೋಡಿ ಕೈ ತೊಳೆದುಕೊಳ್ಳುವುದು? ಒಂದು ಶ್ರಾವಣದ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಉಜ್ವಲಾ ಅಂಗಡಿಯ ಗೊಂಬೆಯೊಂದನ್ನು ಎಳೆದು ತಂದು ಅದರ ಎದೆಯ ಮೇಲೆ ಮೂರು ಬೆರಳಿಟ್ಟು, ಗಂಟಿದೆಯೋ ಇಲ್ಲವೋ ಎಂದು ಮನೆಯಲ್ಲೇ ಹೇಗೆ ನೋಡಿಕೊಳ್ಳಬೇಕೆಂದು ತೋರಿಸಿ ವಿಡಿಯೋ ಮಾಡಿದಳು. ಮೊಲೆಗೆ ಮೊಲೆ ಎಂದೇ ಅಂದಳು.

ಪೇಜಿಗೆ ಹಾಕುವ ಮೊದಲು ಮನೆಯಲ್ಲಿ ತೋರಿಸಿದಳು. ಅದೇ ತಪ್ಪಾಯಿತೋ ಏನೋ. ಊಟಕ್ಕೆ ಕೂತಿದ್ದ ಸಾತಲಿಂಗಪ್ಪನವರ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು.

"ಏನಿದು? ನನ್ನ ದುಕಾನದಾಗ, ನನ್ನ ಗೊಂಬಿ ಮ್ಯಾಲ, ನನ್ನ ಸೊಸಿ?"

"ಬ್ಯಾನಿ ಗುರ್ತ ಹಿಡಿಯೂದ ತೋರಿಸೀನ್ರಿ ಮಾಮಾ. ಲಗೂ ಗೊತ್ತಾದ್ರ ಜೀವಾ ಉಳಿತದ."

"ಜೀವಾ ಉಳಿಸ್ಲಿಕ್ಕೆ ಡಾಕ್ಟರ ಅದಾರ. ಮಂದಿ ಏನಂತಾರ? ಸಾತಲಿಂಗಪ್ಪನ ಮನ್ಯಾಗ ಲಾಜ ಶರಮ ಅಂಬೂದ ಉಳಿದಿಲ್ಲ ಅಂತಾರ!"

ಅತ್ತೆ ನೀಲಗಂಗಾ ಸಾರು ಬಡಿಸುವ ಸೌಟನ್ನು ಪಾತ್ರೆಗೆ ಬಡಿದರು. "ನಮ್ಮವ್ವ ಆ ಶಬ್ದ ಸಾಯೂತನಕ ಬಾಯಾಗ ತರಲಿಲ್ಲ. ನಾನೂ ತಂದಿಲ್ಲ. ನಮಗೇನ ಆಗೇದ?"

"ಆಗೂತನಕ ಕಾಯೂಣೇನ್ರಿ ಅತ್ತಿ?"

"ಮಾತಿಗೆ ಮಾತ ಬೆಳಸಬ್ಯಾಡ!"

ಗಂಡ ಗುರುಸಿದ್ಧ ಮಜ್ಜಿಗೆ ಕಲಸುತ್ತ ಎಂದಿನಂತೆ "ಜಾಊ ದೇ" ಅಂದ. ಹೋಗಲಿ ಬಿಡು, ಎಂದು. ಮನೆಯಲ್ಲಿ ಏನೇ ಹೊತ್ತಿ ಉರಿದರೂ ಅವನ ಬಾಯಿಂದ ಬರುವುದು ಆ ಎರಡೇ ಮರಾಠಿ ಶಬ್ದ. ಯಾರಿಗೆ ಹೇಳಿದನೆಂದು ಅಪ್ಪನಿಗೂ ತಿಳಿಯಬಾರದು, ಹೆಂಡತಿಗೂ ತಿಳಿಯಬಾರದು.

ಉಜ್ವಲಾ ಹಟ ಬಿಡಲಿಲ್ಲ. ವಾದ ಎಳೆದಾಡಿ ಕಡೆಗೆ ಒಂದು ರಾಜಿಗೆ ಬಂತು. ವಿಡಿಯೋ ಹಾಕಬಹುದು, ಆದರೆ ಮೊದಲು ಒಂದು ಎಚ್ಚರಿಕೆ ಇರಬೇಕು. ಅದಕ್ಕೆ ಅವಳ ಅಡ್ಡಿಯೇನೂ ಇರಲಿಲ್ಲ.

"ಹಾಕೂಣ್ರಿ ಮಾಮಾ. 'ಇದರಾಗ ಹೆಣ್ಣಿನ ಎದಿ ತೋರಿಸ್ಯಾರ, ಗಂಟು ಹೆಂಗ ನೋಡ್ಕೋಬೇಕು ಹೇಳ್ಯಾರ' ಅಂತ. ಏನದ ಅಷ್ಟ ಹೇಳಿದ್ರ ಸಾಕು. ನೋಡೋರು ನೋಡ್ತಾರ, ಬ್ಯಾಡಾದವ್ರು ಬಿಡ್ತಾರ."

"ಎಚ್ಚರಿಕ್ಯಾಗೂ ಅದನ್ನ ಹೇಳ್ತಿ ಏನು? ಹಂಗಾದ್ರ ಎಚ್ಚರಿಕಿ ಯಾತಕ್ಕ? ತಾ ಇಲ್ಲಿ, ನಾ ಹೇಳ್ತೀನಿ. ಹಳ್ಳಿ ಹೆಣ್ಣಮಕ್ಕಳಿಗೆ ಓದಾಕ ಬರಂಗಿಲ್ಲ, ದನಿ ಬೇಕು."

ಹಾಗೆ ಅಂದು ಕೈ ತೊಳೆದುಕೊಂಡು ಬಂದು, ಗಂಟಲು ಸರಿಮಾಡಿಕೊಂಡು, ಪಂಚಾಯಿತಿಯಲ್ಲಿ ತೀರ್ಪು ಕೊಡುವವರ ಧಾಟಿಯಲ್ಲಿ ಮೊಬೈಲಿಗೆ ಹೇಳಿದರು: "ಸಾವಧಾನ! ಇದರಾಗ ನಾಚಿಗೇಡಿನ ದೃಶ್ಯ ಅವ. ಮರ್ಯಾದಸ್ಥ ಮನಿ ಹೆಣ್ಣಮಕ್ಕಳು ನೋಡಬಾರದು." ಅದಕ್ಕೊಂದು ಕೆಂಪು ಪರದೆ ಬೇಕೆಂದರು. ಉಜ್ವಲಾ ಹಲ್ಲು ಕಚ್ಚಿಕೊಂಡು ಕೆಂಪು ಪರದೆ ಹಾಕಿದಳು. ಬೇಕಾದವರು ಹೇಗೂ ತೆರೆದು ನೋಡುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ತೆರೆದು ನೋಡಿದವರು ಯಾರು? ಕೆಲಸವಿಲ್ಲದ ಪಡ್ಡೆ ಹುಡುಗರು. ನಾಚಿಕೆಗೇಡು ಅಂದ ಮೇಲೆ ಅವರು ಬಿಟ್ಟಾರೆಯೇ? ನೋಡಿ, ಏನೂ ಸಿಗದೆ, ಕೆಳಗೆ ಬೈದು ಹೋದರು. ಸೀರೆ ನೋಡುವ ಹೆಂಗಸರು ಮಾತ್ರ ಕೆಂಪು ಪರದೆ ಕಂಡೊಡನೆ ಬೆಂಕಿ ಮುಟ್ಟಿದವರಂತೆ ಬೆರಳು ಎಳೆದುಕೊಂಡರು. ಅವರೆಲ್ಲ ಮರ್ಯಾದಸ್ಥರು. ಸಾತಲಿಂಗಪ್ಪನವರ ಲೆಕ್ಕದಲ್ಲಿ ಮನೆಯ ಮಾನ ಉಳಿದಿತ್ತು.

ಆ ದೀಪಾವಳಿ ಮುಗಿದ ಮೇಲೆ ಮೊಮ್ಮಗಳ ಮದುವೆಗೆ ಬಟ್ಟೆಬರೆಯ ಬಸ್ತಾ ಕಟ್ಟಿಸಲು ಸೋನಾಬಾಯಿ ಎಸ್‌ಟಿ ಬಸ್ಸು ಹಿಡಿದು ಅಂಗಡಿಗೆ ಬಂದಳು. ಮದುವೆಯ ಬಟ್ಟೆಯ ಗಂಟುಗಳನ್ನು ತಾನೇ ಎತ್ತುವ ಹೆಣ್ಣುಮಗಳು ಅವತ್ತು ಎಡಗೈಯನ್ನು ಸೆರಗಿನೊಳಗೆ ಮಡಚಿಟ್ಟುಕೊಂಡು ಕೂತಿದ್ದಳು.

"ಯಾಕ್ರಿ ಕರಜಗಿ ಅತ್ತಿ, ಕೈಗೆ ಏನಾಗೇದ?" ಉಜ್ವಲಾ ಕೇಳಿದಳು.

"ರಟ್ಟಿ ಹಿಡದದವಾ. ಬಾಮ ಹಚ್ಚಾಕತ್ತೀನಿ."

"ರಟ್ಟಿ ಅಷ್ಟೋ, ಎದ್ಯಾಗೂ ಏನರ ಅದನೋ? ಬರ್ರಿ, ಒಳಗ ನೋಡ್ತೀನಿ."

ನೀಲಗಂಗಾ ಹುಬ್ಬು ಗಂಟಿಕ್ಕಿದರು. "ಗಂಡಸರು ಕುಂತಾರ, ದುಕಾನದಾಗ ಅದೇನ ಮಾತು ಆಡ್ತಿ?" ಸೋನಾಬಾಯಿಯ ಮುಖ ಕೆಂಪಗಾಯಿತು. ಸೆರಗು ಇನ್ನಷ್ಟು ಬಿಗಿದುಕೊಂಡು, "ಏನಿಲ್ಲ ಬಿಡವಾ" ಎಂದು ಮಾತನ್ನು ಸೀರೆಯ ಬಣ್ಣಕ್ಕೆ ತಿರುಗಿಸಿದಳು. ಹೊರಗೆ ಮೆಟ್ಟಿಲ ಮೇಲೆ ಗೊಂಬೆಗಳು ಹೊಸ ಕುಪ್ಪಸ ತೊಟ್ಟು ಎದೆಯುಬ್ಬಿಸಿ ನಿಂತಿದ್ದವು.

ಮರುವರ್ಷ ಎಳ್ಳಮಾವಾಸ್ಯೆಗೆ ಎಲ್ಲರೂ ಕರಜಗಿಯ ಹೊಲಕ್ಕೆ ಊಟಕ್ಕೆ ಹೋದರು. ಸಜ್ಜೆ ಕಡುಬು, ಭಜ್ಜಿ ಎಂದು ಎಲ್ಲರಿಗೂ ಒತ್ತಾಯ ಮಾಡಿ ಬಡಿಸುವ ಸೋನಾಬಾಯಿ ಬೇವಿನ ಮರದ ಬುಡದಲ್ಲಿ ಒಬ್ಬಳೇ ಕೂತಿದ್ದಳು. ತಟ್ಟೆ ಹಿಡಿದು ಹತ್ತಿರ ಹೋದ ಉಜ್ವಲಾಗೆ ಮೊದಲು ಮೂಗಿಗೆ ತಿಳಿಯಿತು. ಹುಣ್ಣಿನ ವಾಸನೆ. ಮೇಲೆ ಅರಿಷಿಣ, ಎಣ್ಣೆಯ ವಾಸನೆ. ತಟ್ಟೆ ಕೆಳಗಿಟ್ಟು, ಆಕೆಯ ಕೈ ಹಿಡಿದು ಜೋಳದ ಬೆಳೆಯ ಮರೆಗೆ ಕರೆದುಕೊಂಡು ಹೋಗಿ, ಬೇಡವೆಂದರೂ ಕೇಳದೆ ಕುಪ್ಪಸದ ಗಂಟು ಬಿಚ್ಚಿದಳು. ನೋಡಿ, ಅಲ್ಲೇ ಹೆಂಟೆಯ ಮೇಲೆ ಕೂತುಬಿಟ್ಟಳು.

ಸೋಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ತಪಾಸಣೆಗಳೆಲ್ಲ ಆದವು. ಮೊಲೆಯ ಕ್ಯಾನ್ಸರ್, ಎಲುಬಿಗೂ ಹಬ್ಬಿದೆ, ಮೊದಲೇ ಬರಬೇಕಿತ್ತು ಅಂದರು ಡಾಕ್ಟರು. ಸಾತಲಿಂಗಪ್ಪನವರು ಅಕ್ಕನ ಮಂಚದ ಹತ್ತಿರ ನಿಂತು ಮಕ್ಕಳಂತೆ ಅತ್ತರು. ಅಳು ಮುಗಿದ ಮೇಲೆ ಸಿಟ್ಟು ಬಂತು.

"ಯಕ್ಕಾ, ಯಾಕ ಹೇಳಲಿಲ್ಲ? ಮನ್ಯಾಗ ನರ್ಸ್ ಸೊಸಿ ಅದಾಳ. ನಮ್ಮ ಪೇಜಿನ ಮ್ಯಾಲ ಅಷ್ಟ ಚಂದ ತಿಳಿಸಿ ಹೇಳ್ಯಾಳ. ಒಂದು ಸಲ ನೋಡಬಾರದಿತ್ತಾ?"

ಉಜ್ವಲಾ ಮಾವನ ಮುಖವನ್ನೇ ನೋಡಿದಳು. ಅಷ್ಟು ಚೆಂದವಂತೆ! ಇವತ್ತು ಗೊತ್ತಾಯಿತೇ? ಬಾಯಿಗೆ ಬಂದ ಮಾತನ್ನು ರೋಗಿಯ ಮುಂದೆ ಬೇಡವೆಂದು ನುಂಗಿದಳು. ಆದರೆ ಸೋನಾಬಾಯಿ ನುಂಗಲಿಲ್ಲ; ಆಕೆಗೆ ನುಂಗುವಂಥದ್ದು ಅದರಲ್ಲಿ ಏನೂ ಕಂಡಿರಲಿಲ್ಲ.

"ಬಂದಿತ್ತಲ್ಲಪಾ ನನ್ನ ಮೊಬೈಲನ್ಯಾಗ," ಅಂದಳು ಮೆಲ್ಲಗೆ. "ಕೆಂಪಂದು. ಮೊದಲ ನೀನ ಮಾತಾಡಿದಿ. ನಿನ್ನ ದನಿ ನನಗ ಗುರ್ತ ಸಿಗಂಗಿಲ್ಲೇನು? ಮರ್ಯಾದಸ್ಥ ಮನಿ ಹೆಣ್ಣಮಕ್ಕಳು ನೋಡಬಾರದು ಅಂದಿ. ಆಗ ಗಂಟು ಹುಣಸಿಬೀಜದಷ್ಟ ಇತ್ತು ನೋಡು. ತಮ್ಮ ಬ್ಯಾಡ ಅಂದಮ್ಯಾಲ ಅಕ್ಕ ಹೆಂಗ ನೋಡ್ತಾಳಪಾ? ಬಂದ್ ಮಾಡಿ ಇಟ್ಟೆ. ನಮ್ಮ ಸೋನಾಲಿಗೂ ನೋಡಬ್ಯಾಡ ಅಂದೆ."

ಸೋನಾಲಿ ಆಕೆಯ ಸೊಸೆ. ಮಂಚದ ಕಾಲಬಳಿ ನಿಂತಿದ್ದವಳು ನೆಲ ನೋಡಿದಳು. ಸಾತಲಿಂಗಪ್ಪನವರು ಕುರ್ಚಿ ಹುಡುಕಿಕೊಂಡು ಕೂತರು. ಗುರುಸಿದ್ಧ ಏನೋ ಹೇಳಲು ಬಾಯಿ ತೆರೆದ. ಉಜ್ವಲಾ ಅವನತ್ತ ತಿರುಗಿದ ರೀತಿಗೆ ಆ ಎರಡು ಶಬ್ದ ಅವನ ಗಂಟಲಲ್ಲೇ ಉಳಿದವು.

ಹೋಳಿ ಹುಣ್ಣಿಮೆಯ ನಂತರ ಸೋನಾಬಾಯಿ ತೀರಿಕೊಂಡಳು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಲ್ಲ? ಮಣ್ಣು ಮುಗಿಸಿ ಬಂದು ಕರಜಗಿಯ ಮನೆಯ ಪಡಸಾಲೆಯಲ್ಲಿ ಕೂತಾಗ, ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಏನು ಬರೆಸುವುದೆಂಬ ಮಾತು ಬಂತು. ಸಾತಲಿಂಗಪ್ಪನವರು ಟವೆಲಿನಿಂದ ಕಣ್ಣೊರೆಸಿಕೊಂಡು, "ಹಾರ್ಟ್ ಅಂತ ಬರಸ್ರಿ. ಕೇಳಿದವ್ರಿಗೂ ಹಂಗ ಹೇಳ್ರಿ" ಅಂದರು. ಒಳಗೆ ಹೆಂಗಸರ ನಡುವೆ ನೀಲಗಂಗಾ ಅದಾಗಲೇ ಹಾಗೆ ಹೇಳುತ್ತಿದ್ದರು.

ಉಜ್ವಲಾ ಒಳಬಾಗಿಲಲ್ಲಿ ನಿಂತಿದ್ದಳು. ಒಳಗಿನವರಿಗೂ ಹೊರಗಿನವರಿಗೂ ಕೇಳುವ ಜಾಗ ಅದು.

"ಹಾರ್ಟ್ ಎಲ್ಲಿ ಇರ್ತದ್ರಿ ಮಾಮಾ?" ಅಂದಳು. "ಅದೂ ಎದ್ಯಾಗ ಇರ್ತದಲ್ಲಾ? ಅದಕ್ಕೊಂದು ಮರ್ಯಾದಿ ಅದ, ಅದರ ಮ್ಯಾಲಿನ ಮೊಲಿಗೆ ಯಾಕ ಇಲ್ರಿ?"

"ಉಜ್ವಲಾ!" ಅತ್ತೆಯ ದನಿ.

"ಇಲ್ರಿ ಅತ್ತಿ, ಇವತ್ತ ನಾ ಸುಮ್ಮನಿರಂಗಿಲ್ಲ. ದುಕಾನದಾಗ ಅವತ್ತ ಸುಮ್ಮನಾದೆ, ಅದಕ್ಕ ಇವತ್ತ ಇಲ್ಲಿ ಕುಂತೀವಿ." ಒಳಗಿನ ಹೆಂಗಸರತ್ತ ತಿರುಗಿದಳು. "ಅಕ್ಕಾರ, ಕೇಳ್ರಿ. ಕರಜಗಿ ಅತ್ತಿ ಮೊಲಿ ಕ್ಯಾನ್ಸರಿನಿಂದ ಸತ್ತಾರ. ಹುಣಸಿಬೀಜದಷ್ಟ ಇದ್ದಾಗ ಬಂದಿದ್ರ ಉಳೀತಿದ್ರೋ ಏನೋ. ಹೇಳಾಕ ನಾಚಿಕಿ ಬಂತು, ಅದಕ್ಕ ಬರಲಿಲ್ಲ. ನಾಚಿಕಿ ಅವರದಲ್ಲ, ನಾವು ಹಚ್ಚಿದ್ದು. ಯಾರಿಗರೆ ಗಂಟು ಅನಸಿದ್ರ ನನಗ ಹೇಳ್ರಿ. ರಟ್ಟಿ ಅನಬ್ಯಾಡ್ರಿ, ಭುಜ ಅನಬ್ಯಾಡ್ರಿ. ಎಲ್ಲಿ ಅದನೋ ಅಲ್ಲಿ ಅಂತ ಹೇಳ್ರಿ."

ಪಡಸಾಲೆಯಲ್ಲಿ ಗಂಡಸರು ತಲೆ ತಗ್ಗಿಸಿದರು. ಸಾತಲಿಂಗಪ್ಪನವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಒಳಗೆ ಸೋನಾಲಿ ಮಾತ್ರ ಎದ್ದು ಬಂದು ಉಜ್ವಲಾಳ ಪಕ್ಕದಲ್ಲಿ ನಿಂತಳು. ಫ್ಲೆಕ್ಸಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಸೂತಕ ಕಳೆದು ಅಂಗಡಿ ತೆರೆದ ದಿನ ಉಜ್ವಲಾ ಪೇಜಿನಿಂದ ಆ ಕೆಂಪು ಪರದೆಯ ವಿಡಿಯೋ ತೆಗೆದುಹಾಕಿದಳು. ಅದನ್ನೇ ಹೊಸದಾಗಿ ಹಾಕಲು ಕೂತಿದ್ದಾಗ ಸಾತಲಿಂಗಪ್ಪನವರು ಗಲ್ಲಾದಿಂದ ಎದ್ದು ಬಂದರು. ಕರಜಗಿಯಿಂದ ಬಂದ ಮೇಲೆ ಅವರು ಸೊಸೆಯೊಂದಿಗೆ ಮಾತಾಡಿರಲಿಲ್ಲ. ಅವಳು ಜಗಳಕ್ಕೆ ಸಿದ್ಧವಾಗಿಯೇ ತಲೆಯೆತ್ತಿದಳು.

"ಎಚ್ಚರಿಕಿ ಹಾಕ್ತಿ ಇಲ್ಲೋ?" ಕೇಳಿದರು.

"ಹಾಕ್ತೀನ್ರಿ. ಆದ್ರ ನಾನ ಹೇಳ್ತೀನಿ."

"ಬ್ಯಾಡ. ಆಕಿ ನನ್ನ ದನಿ ಕೇಳಿ ಬಂದ್ ಮಾಡಿದ್ಳು. ನನ್ನ ದನಿನ ಹೇಳಬೇಕು. ಏನ ಅಂತ ಹೇಳಿಕೊಡು."

ಉಜ್ವಲಾಗೆ ಅಯ್ಯೋ ಪಾಪ ಅನಿಸಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ಸಣ್ಣ ಮಾತು ಬಾಯಿಂದ ಹೊರಡಲು ಮನೆಯಲ್ಲಿ ಒಂದು ಹೆಣ ಬೀಳಬೇಕಾಯಿತಲ್ಲ! ಆದರೂ ಹೇಳಿಕೊಟ್ಟಳು. ಸಾತಲಿಂಗಪ್ಪನವರು ಮೊಬೈಲು ಹಿಡಿದರು. ಮೊದಲ ಸಲ ಆ ಶಬ್ದದ ಹತ್ತಿರ ಬಂದು ನಿಂತುಬಿಟ್ಟರು. ಎರಡನೆಯ ಸಲ "ಆ ಜಾಗಾ" ಅಂದರು. ಉಜ್ವಲಾ ತಲೆಯಲ್ಲಾಡಿಸಿ ಅಳಿಸಿದಳು. ಒಳಗೆ ಕುಪ್ಪಸದ ಬಟ್ಟೆ ಮಡಚುತ್ತಿದ್ದ ನೀಲಗಂಗಾ ಕೈ ನಿಲ್ಲಿಸಿ ಕೇಳುತ್ತಿದ್ದರು.

"ಹೇಳಿಬಿಡ್ರಿ," ಅಂದರು ನೀಲಗಂಗಾ ಅಲ್ಲಿಂದಲೇ. "ಮೊಲಿ ಅನ್ರಿ. ಏನಾಗಂಗಿಲ್ಲ."

ಸಾತಲಿಂಗಪ್ಪನವರು ಹೆಂಡತಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು: "ನಾ ಸಾತಲಿಂಗಪ್ಪ ಮಾತಾಡಾಕತ್ತೀನಿ. ಈ ವಿಡಿಯೋದಾಗ ಹೆಣ್ಣಿನ ಮೊಲಿ ತೋರಿಸ್ಯಾರ. ಗಂಟು ಆಗೇದೋ ಇಲ್ಲೋ ಹೆಂಗ ನೋಡ್ಕೋಬೇಕು ಅಂತ ಹೇಳ್ಯಾರ."

ಹೇಳಿಕೊಟ್ಟದ್ದು ಅಷ್ಟೇ. ಉಜ್ವಲಾ ನಿಲ್ಲಿಸಲೆಂದು ಬೆರಳು ಮುಂದೆ ಮಾಡಿದಳು. ಅವರು ಮೊಬೈಲು ಬಿಡಲಿಲ್ಲ.

"ನಮ್ಮ ಅಕ್ಕ ನೋಡಲಿಲ್ಲರಿ," ಅಂದರು. "ನಾನ ಬ್ಯಾಡ ಅಂದಿದ್ದೆ. ನೀವು ನೋಡ್ರಿ."

ಎಚ್ಚರಿಕೆಯಲ್ಲಿ ಏನಿದೆಯೋ ಅಷ್ಟೇ ಹೇಳಬೇಕು ಎಂದು ವಾದಿಸಿದವಳು ಉಜ್ವಲಾ. ಆ ಕಡೆಯ ಮಾತುಗಳನ್ನು ಕತ್ತರಿಸಬೇಕಿತ್ತು. ಕತ್ತರಿಸದೆ ಹಾಗೆಯೇ ಪೇಜಿಗೆ ಹಾಕಿದಳು.