ಕಾಶಿಯಲ್ಲಿ ಮೂಕವಾದ ಫೋನು

ಆವತ್ತು ಬೆಳಿಗ್ಗೆ ಹೆಮ್ಮರಗಾಲದ ಮೇಲೆ ದಟ್ಟವಾಗಿ ಮಂಜು ಇಳಿದಿತ್ತು. ಬೀದಿಯಲ್ಲಿ ನಿಂತಿದ್ದ ಯಾತ್ರೆ ಬಸ್ಸಿನ ಮೂತಿಗೆ ಹಾಕಿದ ಚೆಂಡುಹೂವಿನ ಹಾರ ಮಾತ್ರ ಕಾಣುತ್ತಿತ್ತು, ಬಸ್ಸು ಕಾಣುತ್ತಿರಲಿಲ್ಲ. 2008ನೇ ಇಸವಿ, ಮಾಘ ಮಾಸ. ನಮ್ಮೂರ ಶಂಭುಲಿಂಗಪ್ಪನವರು ಹೆಂಡತಿ ಗುರುಬಸಮ್ಮನವರ ಜೊತೆ ಕಾಶಿಗೆ, ಅಲ್ಲಿಂದ ಗಡಿ ದಾಟಿ ನೇಪಾಳದ ಪಶುಪತಿನಾಥನ ದರ್ಶನಕ್ಕೆ ಹೊರಟಿದ್ದರು.

ಆಗ ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಕಾಶಿಗೆ ಹೊರಟರೆ ಊರವರೆಲ್ಲ ಬಂದು ತಮ್ಮ ಹೆಸರು, ತಮ್ಮ ಕಷ್ಟ ಹೇಳಿ ಹೋಗುವರು. ಹೊರಟವರು ಅದನ್ನು ವಿಶ್ವನಾಥನ ಮುಂದೆ ಒಪ್ಪಿಸಬೇಕು. ಹೋಗಲಾಗದ ಬಡವರಿಗೆ ಅದೇ ಕಾಶಿ. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತಣ್ಣಗಾಗುತ್ತದೆ.

ಗುರುಬಸಮ್ಮನ ಹೆಗಲ ಚೀಲದಲ್ಲಿ ಹೊಸ ಮೊಬೈಲ್ ಇತ್ತು. ಬಸ್ಸು ಹತ್ತುವಾಗ ಎಲ್ಲರಿಗೂ ಕೂಗಿ ಹೇಳಿದರು: "ಏಳದ್ ಮರ್ತೋರು ಫೋನ್ ಮಾಡ್ರವ್ವ! ನೀವು ಮಾಡುದ್ರೆ ನಮ್ಗೇನು ಕರ್ಚಿಲ್ಲ."

ಬಸ್ಸಿನ ಬಾಗಿಲಲ್ಲಿ ಅಕ್ಕಿಮೂಟೆ ಎಣಿಸುತ್ತಿದ್ದ ವಿಶಾಲಮ್ಮ ತಿರುಗಿ ನೋಡಿದಳು. ಆಕೆ ತಗಡೂರಿನವಳು. ಆ ಬಸ್ಸಿನ ಡ್ರೈವರ್ ಅವಳ ಗಂಡ. ಯಾತ್ರಿಕರಿಗೆ ಅಡುಗೆ ಮಾಡುತ್ತಾ ಐದಾರು ಸಲ ಉತ್ತರದೇಶ ಕಂಡವಳು.

"ಅಕ್ಕ, ನಮ್ ರಾಜ್ಯ ದಾಟುದ್ರೆ ರೋಮಿಂಗ್ ಅಂತ ಬತ್ತದೆ. ಬಂದ ಫೋನ್ ಎತ್ತುದ್ರೂ ನಿಮಿಷಕ್ಕೆ ಒಂದೂವರೆ ರೂಪಾಯಿ ನಿಮ್ದೇ ಓಯ್ತದೆ" ಅಂದಳು.

ಶಂಭುಲಿಂಗಪ್ಪ ನಕ್ಕುಬಿಟ್ಟರು. "ಎತ್ತುದ್ದುಕ್ಕೂ ದುಡ್ಡಾ? ಮನೆಗ್ ಬಂದ ನೆಂಟ್ರಿಗೆ ಬಾಗ್ಲು ತೆಗುದ್ರೆ ನಾವೇ ಸುಂಕ ಕಟ್ಟಂಗಾಯ್ತು! ನಿನ್ನ ಫೋನ್ ಕಂಪ್ನಿಯೋರು ಯಾರೋ ಎದ್ರಿಸವ್ರೆ, ಓಗಮ್ಮ."

"ನಂಗ್ಯಾವ ಕಂಪ್ನಿ ಅಣ್ಣ? ನಂದು ಸಾರಿನ ಕಂಪ್ನಿ" ಎಂದು ವಿಶಾಲಮ್ಮನೂ ನಕ್ಕು ಮತ್ತೆ ಮೂಟೆ ಎಣಿಸತೊಡಗಿದಳು.

ಬಸ್ಸು ಕರ್ನಾಟಕ ದಾಟಿದ ಮೇಲೆ ಫೋನುಗಳು ಶುರುವಾದವು. ಒಬ್ಬರು ಮಗಳ ಮದುವೆ ಹೇಳಿಕೊಂಡರು, ಇನ್ನೊಬ್ಬರು ಮಂಡಿನೋವು. ಗುರುಬಸಮ್ಮ ಯಾರನ್ನೂ ಬೇಗ ಬಿಡುವವರಲ್ಲ. "ಊಂ, ಏಳಿ ಏಳಿ, ಶಿವಂಗೆ ಏಳ್ತೀನಿ" ಅನ್ನುತ್ತಾ ಕೇಳುವರು. ಕೀಲುಬೀದಿಯ ದೊಡ್ಡಸಿದ್ದಯ್ಯನಂತೂ ಗಬ್ಬ ನಿಲ್ಲದ ತನ್ನ ಎಮ್ಮೆಯ ಸಂಕಟ ಹೇಳಲು ಹತ್ತೊಂಬತ್ತು ನಿಮಿಷ ತೆಗೆದುಕೊಂಡ. ಫೋನು ಆಮೇಲಾಮೇಲೆ ತಾನಾಗೇ ಸುಮ್ಮನಾಯಿತು. ಊರವರ ಹೇಳಿಕೆ ಮುಗಿಯಿತೆಂದು ಇವರು ತಿಳಿದರು.

ಕಾಶಿಯಲ್ಲಿ ಎರಡನೇ ದಿನ. ಗಂಗೆಯಲ್ಲಿ ಮಿಂದು ಗಲ್ಲಿಯಲ್ಲಿ ಬರುವಾಗ ಎದುರಿಗೆ ಒಂದು ಹೆಣ ಬಂತು. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಹೆಣ ದಾಟಿದ ಮೇಲೆ ನೋಡಿದರೆ ಗುರುಬಸಮ್ಮ ಇಲ್ಲ.

ಶಂಭುಲಿಂಗಪ್ಪನವರು ಹಿಂದಕ್ಕೆ ಓಡಿದರು, ಮುಂದಕ್ಕೆ ಓಡಿದರು. ಎಲ್ಲ ಗಲ್ಲಿಯೂ ಒಂದೇ ಥರ. ಗುರುಬಸಮ್ಮನಿಗೆ ಕನ್ನಡ ಬಿಟ್ಟು ಒಂದಕ್ಷರ ಬಾರದು. ಮೇಲೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಬೆಳಿಗ್ಗೆಯಿಂದ ಉಪವಾಸ; ಮೈಯ ಸಕ್ಕರೆ ತೀರಾ ಇಳಿದರೆ ತಲೆ ಸುತ್ತಿ ಬೀಳುವರು.

"ಫೋನೈತಲ್ಲ ಅವಳತ್ರ! ಮಾಡು ತಾಯಿ, ಬೇಗ ಮಾಡು" ಎಂದು ಜೊತೆಗೇ ಬಂದಿದ್ದ ವಿಶಾಲಮ್ಮನ ಕೈ ಹಿಡಿದರು.

ವಿಶಾಲಮ್ಮ ತನ್ನ ಫೋನಿನಿಂದ ಮಾಡಿದಳು. ಯಾರೋ ಹೆಂಗಸು ಹಿಂದಿಯಲ್ಲಿ ಏನೋ ಹೇಳಿ ಕಟ್ ಆಯಿತು. ಮತ್ತೆ ಮಾಡಿದಳು. ಅದೇ ಹೆಂಗಸು.

"ಯಾರವ್ಳು? ನನ್ನೆಂಡ್ತಿ ಫೋನು ಯಾರ್ ಕೈಗೋಯ್ತು?"

"ಯಾರ್ ಕೈಗೂ ಓಗಿಲ್ಲ ಅಣ್ಣ. ಅದು ಕಂಪ್ನಿ ದನಿ. ಕರೆನ್ಸಿ ಮುಗ್ದದೆ ಅನ್ಸುತ್ತೆ. ರೋಮಿಂಗಲ್ಲಿ ಕರೆನ್ಸಿ ಮುಗುದ್ರೆ ಬರೋ ಫೋನೂ ಬರಲ್ಲ."

ಶಂಭುಲಿಂಗಪ್ಪನವರು ಅಲ್ಲೇ ಒಂದು ಮೆಟ್ಟಿಲ ಮೇಲೆ ಕುಸಿದು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. "ಊರ್ನೋರ ಕಷ್ಟ ಎಲ್ಲಾ ಕೇಳುದ್ಲು ಕಣಮ್ಮ. ಈಗ ಅವಳ್ ಕಷ್ಟ ಕೇಳದುಕ್ಕೆ ದಾರಿ ಇಲ್ವಲ್ಲಾ" ಅಂದರು.

ವಿಶಾಲಮ್ಮ ನಿಂತು ಯೋಚಿಸಿದಳು. ಆ ಕಾಲದಲ್ಲಿ ನಮ್ಮ ನಂಬರಿಗೆ ಕಾಶಿಯ ಅಂಗಡಿಯಲ್ಲಿ ಕರೆನ್ಸಿ ಹಾಕಿಸಲು ಆಗುತ್ತಿರಲಿಲ್ಲ. ಆದರೆ ಊರಿನಿಂದ ಆಗುತ್ತಿತ್ತು. ಹೆಮ್ಮರಗಾಲಕ್ಕೆ, ಶಂಭುಲಿಂಗಪ್ಪನವರ ಸೊಸೆ ಅರ್ಪಿತಳಿಗೆ ಫೋನ್ ಮಾಡಿದಳು. "ಕೆಲ್ಸ ಬಿಟ್ಟು ಅಂಗ್ಡಿಗ್ ಓಡವ್ವ. ಅತ್ತೆ ನಂಬರ್ಗೆ ನೂರು ರೂಪಾಯಿ ಹಾಕ್ಸು. ಊರಲ್ಲಿ ಯಾರೂ ಆ ನಂಬರ್ಗೆ ಮಾಡ್ಬೇಡಿ ಅಂತ ಸಾರ್ಬುಡು."

ಅರ್ಪಿತ ರೊಟ್ಟಿಯ ಹೆಂಚು ಒಲೆಯ ಮೇಲೇ ಬಿಟ್ಟು ಓಡಿದಳು.

ಇತ್ತ ನಿಮಿಷಕ್ಕೊಂದು ಸಲ ವಿಶಾಲಮ್ಮ ನಂಬರ್ ಒತ್ತಿದಳು. ಹನ್ನೊಂದನೆಯ ಸಲ ರಿಂಗಾಯಿತು.

"ಅಲೋ..." ಗುರುಬಸಮ್ಮನ ದನಿ, ಬಾವಿಯೊಳಗಿಂದ ಬಂದ ಹಾಗೆ.

"ಎಲ್ಲಿದ್ದೀಯೇ?" ಶಂಭುಲಿಂಗಪ್ಪನವರು ಫೋನ್ ಇಸಿದುಕೊಂಡು ಕೂಗಿದರು.

"ನಂಗೇನ್ ಗೊತ್ತು? ಇಲ್ಲೊಂದು ಗೋಡೆ ಐತೆ. ಒಂದು ಗೂಳಿ ಮಲ್ಗೈತೆ. ಕಣ್ ಕತ್ಲೆ ಬತ್ತಾ ಐತೆ ಕಣ್ರೀ."

ಕಾಶಿಯಲ್ಲಿ ಗೂಳಿ ಮಲಗದ ಗಲ್ಲಿ ಯಾವುದು? ವಿಶಾಲಮ್ಮ ಫೋನ್ ಕಸಿದುಕೊಂಡು, "ಅಕ್ಕ, ಪಕ್ಕದಲ್ ಯಾರಿದ್ರೆ ಅವ್ರ ಕೈಗೆ ಫೋನ್ ಕೊಡಿ" ಅಂದಳು. ಒಬ್ಬ ಹೂವಿನವನು ಮಾತಾಡಿದ. ವಿಶಾಲಮ್ಮ ಬಂದುಹೋಗಿ ಕಲಿತ ತನ್ನ ಹರಕು ಹಿಂದಿಯಲ್ಲಿ ಜಾಗ ಕೇಳಿಕೊಂಡು, ಆಕೆಗೆ ಸಕ್ಕರೆ ಹಾಕಿದ ಒಂದು ಲೋಟ ಚಹಾ ಕುಡಿಸಪ್ಪ ಎಂದು ಬೇಡಿಕೊಂಡಳು. ಕಾಲು ಗಂಟೆಯಲ್ಲಿ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

ರಾತ್ರಿ ಊಟದ ಹೊತ್ತಿಗೆ ಶಂಭುಲಿಂಗಪ್ಪನವರು, "ನೇಪಾಳಕ್ಕೆ ಈ ಶನಿ ಫೋನು ಬೇಡ. ಗಂಗೆಗೆ ಎಸ್ದುಬುಡ್ತೀನಿ" ಅಂದರು.

"ಎಸೀಬೇಡಿ ಅಣ್ಣ. ಇವತ್ತು ಅಕ್ಕ ಸಿಕ್ಕಿದ್ದೂ ಅದ್ರಿಂದ್ಲೇ" ಅಂದಳು ವಿಶಾಲಮ್ಮ, ಅನ್ನ ಬಡಿಸುತ್ತಾ. "ಗಡಿ ದಾಟುದ್ರೆ ನಮ್ ಸಿಮ್ಮು ಕೆಲ್ಸ ಮಾಡಿದ್ರೆ ಪುಣ್ಯ. ಮಾಡಿದ್ರೂ ಇಲ್ಲೀಗಿಂತ ನಾಕೈದು ಪಟ್ಟು ಕರ್ಚು. ಅಲ್ಲೀದೇ ಒಂದು ಸಿಮ್ ತಗಳ್ಳಿ. ಓಟಿನ ಕಾರ್ಡು, ಒಂದು ಫೋಟೋ ಸಾಕು. ಅದ್ರಲ್ಲಿ ಬಂದ ಫೋನಿಗೆ ನಿಮ್ಗೆ ದುಡ್ಡಿಲ್ಲ. ಆದ್ರೆ ಊರಿಂದ ಮಾಡೋರಿಗೆ ಜಾಸ್ತಿ ಬೀಳ್ತದೆ. ಅದ್ಕೇ ದಿನಕ್ಕೊಂದ್ ಸಲ ನೀವೇ ಮಾಡಿ, ಅದೂ ಒಬ್ರಿಗೆ."

"ಊರ್ನೋರ ಹೆಸ್ರು?" ಗುರುಬಸಮ್ಮ ಕೇಳಿದರು. ಅವರಿಗೆ ಆ ಚಿಂತೆ.

"ಅರ್ಪಿತ ಎಲ್ರುದೂ ಒಂದು ಹಾಳೇಲಿ ಬರ್ದಿಟ್ಕಳ್ಲಿ, ಒಂದೇ ಉಸುರ್ಗೆ ಓದ್ಲಿ. ಶಿವಂಗೆ ನಿಮಿಷದ ಲೆಕ್ಕ ಇಲ್ಲ ಅಕ್ಕ, ಫೋನಿಗೈತೆ."

ಶಂಭುಲಿಂಗಪ್ಪನವರು ತಲೆ ತಗ್ಗಿಸಿ ನಕ್ಕರು. "ಆಯ್ತು ಕಣಮ್ಮ. ಸಾರಿನ ಕಂಪ್ನಿ ಏಳಿದ್ದೇ ನಿಜ."

ಕಠ್ಮಂಡುವಿನಲ್ಲಿ ಹಾಗೇ ಮಾಡಿದರು. ಸಂಜೆ ಏಳಕ್ಕೆ ನಮ್ಮೂರ ಬಸವನಗುಡಿ ಜಗಲಿಯಲ್ಲಿ ಅರ್ಪಿತಳ ಫೋನಿನ ಸುತ್ತ ಊರೇ ಕೂರುತ್ತಿತ್ತು. ಸ್ಪೀಕರಿನಲ್ಲಿ ಪಶುಪತಿನಾಥನ ಗಂಟೆ ಕೇಳಿದಾಗ ಗಂಡಸರು ಹೆಗಲ ಮೇಲಿನ ಟವೆಲ್ ತೆಗೆದು ಕೈ ಮುಗಿದರು. ಮೂರು ನಿಮಿಷದಲ್ಲಿ ಇಡೀ ಊರಿಗೆ ದರ್ಶನವಾಗುತ್ತಿತ್ತು. ಈಗ ಮನೆಮನೆಗೂ ಕೈಕೈಗೂ ಫೋನಿದೆ. ಹಾಗೆ ಒಟ್ಟಿಗೆ ಕೂತು ಕೇಳುವುದು ಹೋಯಿತು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂದು ನಮ್ಮ ದೇಶದೊಳಗೆ ರೋಮಿಂಗ್ ಕಾಟ ಇಲ್ಲ. ಗಡಿ ದಾಟಿದರೆ ಇಂದಿಗೂ ಇದೆ. ತೀರ್ಥಕ್ಕೆ ಹೋಗಿ, ಹಜ್‌ಗೆ ಹೋಗಿ, ದುಡಿಯಲು ಹೋಗಿ, ಹೊರಡುವ ಮುಂಚೆ ಅಂಗಡಿಯಲ್ಲಿ ಎರಡು ಮಾತು ಕೇಳಿ: ಬಂದ ಕರೆಗೆ ದುಡ್ಡು ಹಿಡಿಯುತ್ತಾರಾ? ಹೋದ ಕಡೆಯ ಸಿಮ್ ಅಗ್ಗವಾ, ಇಲ್ಲಿಂದಲೇ ಹಾಕಿಸಿಕೊಳ್ಳುವ ಹೊರದೇಶದ ಪ್ಯಾಕ್ ಅಗ್ಗವಾ? ಜೊತೆಯವರ ನಂಬರನ್ನು ಚೀಟಿಯಲ್ಲಿ ಬರೆದು ಸೆರಗಿಗೆ ಕಟ್ಟಿಕೊಳ್ಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಯಾತ್ರೆ ಮುಗಿಸಿ ಬಂದ ದಿನದ ಒಂದು ಮಾತು ಹೇಳಿಬಿಡುತ್ತೇನೆ. ಪ್ರಸಾದಕ್ಕೆ ಬಂದ ಜನ ಎಲ್ಲ ಹೋದ ಮೇಲೆ ದೊಡ್ಡಸಿದ್ದಯ್ಯ ಒಬ್ಬನೇ ಕಂಬದ ಮರೆಯಲ್ಲಿ ಉಳಿದಿದ್ದ. ಕಾಶಿಯಲ್ಲಿ ಆದದ್ದು ಅವನ ಕಿವಿಗೂ ಬಿದ್ದಿತ್ತು. ಗುರುಬಸಮ್ಮ ವಿಭೂತಿ ಕೊಡಲು ಕೈ ನೀಡಿದಾಗ, ಆ ಅಂಗೈಯಲ್ಲಿ ಇನ್ನೂ ಗೀಚಿ ನಂಬರ್ ತೆಗೆಯದ ಒಂದು ಕರೆನ್ಸಿ ಕಾರ್ಡು ಇಟ್ಟು, ಅವರ ಬೆರಳುಗಳನ್ನು ಮೆಲ್ಲಗೆ ಮಡಿಸಿ, ಜಗಲಿ ಇಳಿದು ಹೋದ.