ಕಾಜಕ್ಕನಿಗೆ ಸಿಕ್ಕ ರಜೆ

ಸಂಜೆ ಮನೆಗೆ ಹೊರಡುವ ಮುಂಚೆ ಕಾಜಕ್ಕ ಒಂದು ಕೆಲಸವನ್ನು ತಪ್ಪದೆ ಮಾಡುತ್ತಿದ್ದಳು. ಎಲ್ಲರಿಗೂ ಬೆನ್ನು ಮಾಡಿ ನಿಂತು, ತನ್ನ ಮಷೀನಿನಲ್ಲಿ ದಾರದ ಬಿಗಿ ಹೆಚ್ಚುಕಡಿಮೆ ಮಾಡುವ ತಿರುಪನ್ನು ಅತಿಯಾಗಿ ಬಿಗಿದುಬಿಡುತ್ತಿದ್ದಳು. ಅಂಗಿಗಳಿಗೆ ಕಾಜಾ, ಅಂದರೆ ಗುಂಡಿ ತೂರಿಸುವ ತೂತು, ಹೊಲಿಯುವ ಮಷೀನು ಅದು; ಅವಳಿಗೆ ಆ ಹೆಸರು ಬಂದಿದ್ದೂ ಅದರಿಂದಲೇ. ಬೇರೆ ಯಾರು ಕೂತರೂ ದಾರ ಪಟ್ಟೆಂದು ಹರಿಯುತ್ತಿತ್ತು; ತಿರುಪನ್ನು ಮತ್ತೆ ಹದಕ್ಕೆ ತರುವುದು ಅವಳೊಬ್ಬಳಿಗೇ ಬರುತ್ತಿತ್ತು. ಹೊಲಿಗೆ ಶೆಡ್ಡಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಕಾಜಕ್ಕನ ಮಗಳಿಗೆ ಹೆರಿಗೆ ಹತ್ತಿರವಾಗಿತ್ತು. "ಅಮ್ಮಾ, ನೀನು ಪಕ್ಕದಲ್ಲಿರ್ಬೇಕು" ಎಂದು ಫೋನಿನಲ್ಲಿ ಅತ್ತಿದ್ದಳು. ರಜೆ ಕೇಳಿದರೆ ಶೆಡ್ಡಿನ ಮೇಸ್ತ್ರಿ ಅಡ್ಡಡ್ಡ ತಲೆಯಾಡಿಸಿಬಿಟ್ಟ.

"ನೀನು ಹೋದ್ರೆ ಮಷೀನು ಯಾರಮ್ಮ ಓಡಿಸ್ತಾರೆ? ಆಗಲ್ಲ."

ಊಟದ ಹೊತ್ತಿಗೆ ಅವಳು ಡಬ್ಬಿ ತೆರೆಯದೆ ಕೂತಳು. ಅಲ್ಲೇ ಇಸ್ತ್ರಿ ಕೆಲಸ ಮಾಡುವ ಅವಳ ಅತ್ತಿಗೆ ನಗುತ್ತಾ ಪಕ್ಕಕ್ಕೆ ಬಂದಳು.

"ಯಾರಿಗಾದ್ರೂ ಕಲಿಸಿಬಿಡೇ. ಆ ತಿರುಪೇನು ನಿನ್ನ ಒಡವೆನಾ, ಹಂಗೆ ಕಾಯ್ಕೊಂಡು ಕೂರೋಕೆ?"

"ನಿಮಗೇನು ಅತ್ತಿಗೆ, ಹೇಳಿಬಿಡ್ತೀರಿ. ಮೊದಲಿದ್ದ ಕಡೆ ಒಬ್ಬಳಿಗೆ ಕಲಿಸ್ದೆ. ಅವಳು ಕಲಿತಳು, ನನ್ನನ್ನ ತೆಗೆದ್ರು."

ಅತ್ತಿಗೆಯ ನಗು ನಿಂತಿತು. ಆ ಹೆದರಿಕೆ ಸುಳ್ಳಲ್ಲ.

"ಹಾಗಾದ್ರೆ ಏಳು. ಮೇಸ್ತ್ರಿ ಹತ್ರಾನೇ ಮಾತಾಡೋಣ."

ಮೇಸ್ತ್ರಿಯ ಮುಂದೆ ಅತ್ತಿಗೆ ನೇರವಾಗಿಯೇ ಹೇಳಿದಳು: "ಕಲಿಸಿದವರ ಕೆಲಸ ಹೋಗುತ್ತೆ ಅಂದ್ರೆ ಯಾರು ಕಲಿಸ್ತಾರೆ ಹೇಳಿ? ಇವಳ ಜಾಗ ಇವಳಿಗೇ ಅಂತ ಎಲ್ಲರ ಎದುರಿಗೆ ಹೇಳಿ. ಕಲಿಸೋ ಹೊತ್ತಿಗೂ ಕೂಲಿ ಕೊಡಿ."

ಮೇಸ್ತ್ರಿ ತಲೆ ಕೆರೆದುಕೊಂಡ. ಮಷೀನು ನಿಂತರೆ ಬೈಸಿಕೊಳ್ಳುವವನು ಅವನೇ. ಎಲ್ಲರನ್ನೂ ಕರೆದು ಹಾಗೆಯೇ ಹೇಳಿದ.

ಮರುದಿನ ಕಾಜಕ್ಕ, ಕಾಲರ್ ಹೊಲಿಯುವ ಹುಡುಗಿಯನ್ನು ತನ್ನ ಜಾಗದಲ್ಲಿ ಕೂರಿಸಿದಳು.

"ದಾರ ಎಳೆದು ನೋಡು. ತಡೆದು ತಡೆದು ಬರಬಾರ್ದು, ಜಾರಿಕೊಂಡೂ ಬರಬಾರ್ದು. ಆಮೇಲೆ ತಿರುಪು ಮುಟ್ಟು, ನಿಧಾನ."

ದಾರ ಹರಿಯದೆ ಕಾಜಾ ಬಂತು. ಹುಡುಗಿ ಕಣ್ಣರಳಿಸಿದಳು. "ಇಷ್ಟೇನಾ ಅಕ್ಕಾ! ನಾವು ಏನೋ ಮಂತ್ರ ಹಾಕ್ತೀರಿ ಅಂದ್ಕೊಂಡಿದ್ವಿ!"

ಶೆಡ್ಡೆಲ್ಲ ನಕ್ಕಿತು. ಕಾಜಕ್ಕನಿಗೂ ನಗು ತಡೆಯಲಾಗಲಿಲ್ಲ.

ಮೇಸ್ತ್ರಿ ರಜೆ ಕೊಟ್ಟ. ಮೊಮ್ಮಗಳು ಹುಟ್ಟಿದಾಗ ಅವಳು ಮಗಳ ಕೈ ಹಿಡಿದುಕೊಂಡಿದ್ದಳು. ಆಮೇಲೆ ಶೆಡ್ಡಿನಿಂದ ಆ ಹುಡುಗಿಯ ಫೋನು ಬಂತು: "ಅಕ್ಕಾ, ಮಷೀನು ಚೆನ್ನಾಗಿ ಓಡ್ತಿದೆ. ದಪ್ಪ ಬಟ್ಟೆ ಬಂದಿದೆ, ಅದಕ್ಕೇನ್ಮಾಡ್ಲಿ?" ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಅವಳು ಬಿಡಿಸಿ ಹೇಳಿದಳು.

ನಿಮ್ಮ ಪಕ್ಕದವರು ಕೆಲಸದ ಗುಟ್ಟು ಮುಚ್ಚಿಡುತ್ತಿದ್ದರೆ, ಬೈಯುವ ಮುಂಚೆ ಯಾಕೆಂದು ಕೇಳಿ. ಕೆಲಸ ಕೊಡುವವರೇ, ಕಲಿಸಿದವರ ಕೈಬಿಡಬೇಡಿ. ಮತ್ತು ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೆ ಬರುವ ಕೆಲಸವನ್ನು ಒಬ್ಬರಿಗಾದರೂ ತೋರಿಸಿಕೊಡಿ. ಮನೆಯಿಂದ ನಿಮಗೂ ಒಂದು ದಿನ ಕರೆ ಬರುತ್ತದೆ. ಆ ದಿನ ನೀವು ಎದ್ದು ಹೊರಡುವಂತಿರಬೇಕು.